ಕಮೂನ ‘ಸ್ಟ್ರೇಂಜರ್’ ಅನ್ನು ಮಹಜರು ಬರೆಯುವವರ ಹಾಗೆ ಓದಿ

ಈ ಪುಸ್ತಕ ಓದಿದವರು ಸಾಮಾನ್ಯವಾಗಿ ಎರಡು ಥರ ಮಾತಾಡುತ್ತಾರೆ. ಒಂದು ಗುಂಪು, ‘ಏನ್ ಗುರು ಇದು, ಅರ್ಧ ಪುಸ್ತಕ ಮುಗಿದರೂ ಏನೂ ಆಗಲ್ವಲ್ಲ’ ಅಂತ ಬೇಜಾರಾಗುತ್ತದೆ. ಇನ್ನೊಂದು ಗುಂಪು ಮುಗಿಸಿದ ರಾತ್ರಿಯೇ ಸಮುದ್ರದ ಫೋಟೊ ಹಾಕಿ ‘ನಾನೂ ಮೆರ್ಸೋನೇ’ ಅಂತ ಸ್ಟೇಟಸ್ ಇಡುತ್ತದೆ, ಮೆರ್ಸೋ ಅಂದರೆ ಇದರಲ್ಲಿ ಕಥೆ ಹೇಳುವವನು. ನಾನು ಮೊದಲ ಸಲ ಓದಿದಾಗ ಎರಡನೇ ಗುಂಪಿನಲ್ಲಿದ್ದೆ. ಇಪ್ಪತ್ತರ ವಯಸ್ಸು, ಹಾಸ್ಟೆಲ್ ರೂಮು, ಇನ್ನೇನು ಹೇಳಲಿ. ಆಮೇಲೆ ಮೂರು ಸಲ ಓದಿದ್ದೇನೆ. ಈಗ ನನಗೆ ಅನಿಸುವುದಿಷ್ಟು: ಇದನ್ನು ಒಬ್ಬಂಟಿಯ ಕಥೆ ಅಂತ ಓದಿದರೆ ಹಳೇ ಪುಸ್ತಕ. ಸ್ಥಳಕ್ಕೆ ಹೋಗಿ ಮಹಜರು ಬರೆಯುವವರ ಹಾಗೆ, ಏನು ಎಲ್ಲಿತ್ತು, ಯಾರು ಏನು ಮಾಡಿದರು ಅಂತ ಗುರುತು ಹಾಕಿಕೊಂಡು ಓದಿದರೆ ಇವತ್ತು ಬೆಳಿಗ್ಗೆ ಬರೆದ ಹಾಗಿದೆ.

ಹೇಗೆ ಓದಬೇಕು ಅಂತ ಹೇಳುವಾಗ ಕಥೆಯನ್ನೂ ಹೇಳಲೇಬೇಕಾಗುತ್ತದೆ. ಕಥೆ ಮೊದಲೇ ಗೊತ್ತಾದರೆ ಮಜಾ ಹೋಗುತ್ತದೆ ಅನ್ನುವವರು ಇಲ್ಲೇ ನಿಲ್ಲಿಸಿ, ಓದಿ ಬನ್ನಿ. ಸಣ್ಣ ಪುಸ್ತಕ. ಮೊದಲ ಭಾಗದಲ್ಲಿ ಆರು ಅಧ್ಯಾಯ, ಎರಡನೆಯದರಲ್ಲಿ ಐದು.

ಅಲ್ಬೇರ್ ಕಮೂ ಇದನ್ನು ಫ್ರೆಂಚಿನಲ್ಲಿ ಬರೆದ. 1942ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು, ಆಗ ಊರು ಜರ್ಮನ್ ಸೈನ್ಯದ ಕೈಯಲ್ಲಿತ್ತು. ಕಥೆ ನಡೆಯುವುದು ಮಾತ್ರ ಫ್ರೆಂಚರ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದಲ್ಲಿ. ಮೆರ್ಸೋ ಅಲ್ಜಿಯರ್ಸಿನ ಒಂದು ಆಫೀಸಿನಲ್ಲಿ ಗುಮಾಸ್ತ. ದೂರದ ವೃದ್ಧಾಶ್ರಮದಲ್ಲಿದ್ದ ಅವನ ತಾಯಿ ಸಾಯುತ್ತಾಳೆ. ಮಣ್ಣು ಮಾಡಿ ಬರುತ್ತಾನೆ. ಮಾರನೇ ದಿನ ಈಜಲು ಹೋಗುತ್ತಾನೆ, ಅಲ್ಲಿ ಸಿಕ್ಕ ಹಳೇ ಪರಿಚಯದ ಹುಡುಗಿ ಮರೀ ಜೊತೆ ಸಿನಿಮಾ ನೋಡುತ್ತಾನೆ. ಕೆಲವು ವಾರಗಳ ನಂತರ ಬೀಚಿನಲ್ಲಿ ಒಬ್ಬ ಅರಬನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಎರಡನೇ ಭಾಗ ಪೂರ್ತಿ ಜೈಲು, ಕೋರ್ಟು.

ಮೊದಲು ಪುಸ್ತಕ ಆರಿಸುವ ವಿಚಾರ. ಇಂಗ್ಲಿಷಿನಲ್ಲಿ ಓದುವವರಿಗೆ ಒಂದೇ ಕಾದಂಬರಿ ಎರಡು ಹೆಸರಲ್ಲಿ ಸಿಗುತ್ತದೆ. ಅಮೆರಿಕದಲ್ಲಿ ಅಚ್ಚಾದದ್ದು ‘ದಿ ಸ್ಟ್ರೇಂಜರ್’, ಇಂಗ್ಲೆಂಡಿನದು ‘ದಿ ಔಟ್‌ಸೈಡರ್’. ಎರಡು ಬೇರೆ ಪುಸ್ತಕ ಅಂದುಕೊಂಡು ಎರಡಕ್ಕೂ ದುಡ್ಡು ಕೊಟ್ಟವನು ನಾನು, ನಿಮಗೆ ಆ ಖರ್ಚು ಬೇಡ. 1946ರ ಸ್ಟುವರ್ಟ್ ಗಿಲ್ಬರ್ಟ್ ಅನುವಾದ ಸ್ವಲ್ಪ ಕೋಟು ಟೈ ಹಾಕಿಕೊಂಡ ಹಾಗಿದೆ. 1988ರ ಮ್ಯಾಥ್ಯೂ ವಾರ್ಡ್, 2012ರ ಸಾಂಡ್ರಾ ಸ್ಮಿತ್, ಈ ಎರಡರಲ್ಲಿ ಯಾವುದಾದರೂ ಸರಿ. ಮುನ್ನುಡಿ ಇದ್ದರೆ ಓದಬೇಡಿ, ಕೊನೆಗೆ ಇಟ್ಟುಕೊಳ್ಳಿ. ನಮ್ಮ ನವ್ಯ ವಿಮರ್ಶೆಯಿಂದ ಬಂದ ಅನಾಥಪ್ರಜ್ಞೆ, ಪರಕೀಯತೆ, ಅಸಂಗತ ಅನ್ನುವ ಮಾತುಗಳನ್ನೂ ಸದ್ಯಕ್ಕೆ ಅಟ್ಟಕ್ಕೆ ಹಾಕಿ. ಒಳ್ಳೆಯ ಮಾತುಗಳೇ, ಆದರೆ ಮೊದಲೇ ಕೈಯಲ್ಲಿ ಹಿಡಿದರೆ ಎಲ್ಲ ಪುಟದಲ್ಲೂ ಅವೇ ಕಾಣುತ್ತವೆ, ಪುಟ ಕಾಣುವುದಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಫ್ರೆಂಚಿನ ‘ಎತ್ರಾಂಜೆ’ ಅಂದರೆ ಗುರುತಿಲ್ಲದವನೂ ಹೌದು, ಬೇರೆ ದೇಶದವನೂ ಹೌದು. ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಹೆಸರು ಬಂದವು. ನಮ್ಮಲ್ಲಿ ‘ಪರದೇಶಿ’ ಅನ್ನುವ ಮಾತು ಇದೆ ನೋಡಿ. ಹೊರದೇಶದವನು ಅನ್ನುವುದು ಅದರ ಒಂದು ಅರ್ಥ. ಆದರೆ ‘ಪರದೇಶಿ ಥರ ಕೂತಿದ್ದಾನೆ’ ಅಂದಾಗ ನಾವು ಹೇಳುವುದು ಹಿಂದೆ ಮುಂದೆ ಯಾರೂ ಇಲ್ಲದವನ ಬಗ್ಗೆ. ಅಜ್ಜಿಯಂದಿರು ಬೈಯಲು ಬಳಸುವ ಪದ ಅಂತ ಅನುವಾದಕರು ಬಿಡಬಹುದು. ನನಗಂತೂ ಪುಸ್ತಕಕ್ಕೆ ಅದೇ ಸರಿಯಾದ ಹೆಸರು ಅನಿಸುತ್ತದೆ.

ಈಗ ಮೊದಲ ಸಾಲು. ಓದಲು ಶುರು ಮಾಡುವ ಮುಂಚೆ ಈ ಒಂದು ಸಾಲನ್ನು ನೀವೇ ಕನ್ನಡಕ್ಕೆ ತನ್ನಿ. ಹೋಂವರ್ಕ್ ಅಂತ ಮುಖ ಸಿಂಡರಿಸಬೇಡಿ, ಹತ್ತು ನಿಮಿಷದ ಕೆಲಸ. ಮೂಲದಲ್ಲಿ ಮೆರ್ಸೋ ಹೇಳುವುದು ಇಷ್ಟೇ: ಇವತ್ತು ಅಮ್ಮ ಸತ್ತಳು, ಅಥವಾ ನಿನ್ನೆ ಇರಬಹುದು, ಗೊತ್ತಿಲ್ಲ. ಇದನ್ನು ಹೇಗೆ ಬರೆಯುತ್ತೀರಿ? ‘ಅಮ್ಮ ಸತ್ತಳು’ ಅಂದರೆ ಬೆಂಗಳೂರು ಮೈಸೂರಿನ ಕಿವಿಗೆ ಒರಟು, ಇವನೆಂಥ ಮಗ ಅನಿಸಿಬಿಡುತ್ತದೆ. ಅದೇ ಉತ್ತರ ಕರ್ನಾಟಕದ ಹಳ್ಳಿಯಲ್ಲಿ ‘ನಮ್ಮವ್ವ ಸತ್ತು ಮೂರು ವರ್ಷಾತು’ ಅಂದರೆ ಯಾರೂ ಹುಬ್ಬು ಏರಿಸುವುದಿಲ್ಲ. ‘ತಾಯಿ ತೀರಿಕೊಂಡರು’ ಅಂದರೆ ರಜೆ ಚೀಟಿ. ‘ನಿಧನರಾದರು’ ಅಂದರೆ ಪೇಪರಿನ ಮೂಲೆ. ‘ಅಮ್ಮ ಹೋಗಿಬಿಟ್ಟಳು’ ಅಂದರೆ ಆ ‘ಬಿಟ್ಟಳು’ ಒಳಗೆ ಆಗಲೇ ಅಳು ಕೂತಿದೆ, ಮೆರ್ಸೋ ಅಷ್ಟು ಕೊಡುವವನಲ್ಲ. ‘ಅಮ್ಮ ಹೋದಳು’? ಎಲ್ಲಿಗೆ ಅಂತ ಕೇಳಬೇಕಾಗುತ್ತದೆ.

ಇಂಗ್ಲಿಷಿನವರೂ ಇದೇ ಜಾಗದಲ್ಲಿ ತಿಣುಕಾಡಿದರು. ಗಿಲ್ಬರ್ಟ್ ‘ಮದರ್’ ಅಂದ. ವಾರ್ಡ್ ಫ್ರೆಂಚಿನ ‘ಮಮಾ’ ಅನ್ನೇ ಉಳಿಸಿಕೊಂಡ. ಸ್ಮಿತ್ ‘ನನ್ನ ತಾಯಿ’ ಅಂದಳು. ಒಂದೊಂದು ಪದಕ್ಕೂ ಮಗ ಬದಲಾಗುತ್ತಾನೆ. ನೀವು ಒಂದು ಕ್ರಿಯಾಪದ ಆರಿಸಿದ ತಕ್ಷಣ ಅವನ ಬಗ್ಗೆ ತೀರ್ಪು ಕೊಟ್ಟಾಯಿತು, ಇನ್ನೂ ಒಂದು ಪುಟ ಓದಿಲ್ಲ. ಇದು ನೆನಪಿರಲಿ.

ಇನ್ನೊಂದು. ದಿನ ಯಾವುದು ಅಂತ ಗೊತ್ತಿಲ್ಲ ಅಂದದ್ದಕ್ಕೆ ಅವನನ್ನು ಕಲ್ಲುಹೃದಯದವನು ಅಂತ ಬಹಳ ಜನ ಬೈದಿದ್ದಾರೆ. ಮುಂದಿನ ಸಾಲು ಓದಿ. ವೃದ್ಧಾಶ್ರಮದಿಂದ ಟೆಲಿಗ್ರಾಂ ಬಂದಿದೆ. ತಾಯಿ ನಿಧನ, ನಾಳೆ ಅಂತ್ಯಕ್ರಿಯೆ, ಅಷ್ಟೇ. ಅದರಲ್ಲಿ ಸತ್ತ ದಿನ ಎಲ್ಲಿದೆ? ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾನೆ. ನಮ್ಮಲ್ಲೂ ಟೆಲಿಗ್ರಾಂ ಅಂದರೆ ಒಡೆಯುವ ಮುಂಚೆಯೇ ಮನೆಯಲ್ಲಿ ಅಳು ಶುರುವಾಗುತ್ತಿದ್ದ ಕಾಲ ಇತ್ತು, 2013ರ ಜುಲೈಯಲ್ಲಿ ಆ ಸೇವೆ ನಿಂತಿತು. ಈಗ ಅದೇ ಸುದ್ದಿ ಫ್ಯಾಮಿಲಿ ಗ್ರೂಪಿಗೆ ಬರುತ್ತದೆ, ಕೈ ಮುಗಿದ ಇಮೋಜಿ ಹಾಕದವರು ಯಾರು ಅಂತ ಲೆಕ್ಕ ಇಡುವ ಒಬ್ಬ ಚಿಕ್ಕಪ್ಪ ಎಲ್ಲ ಗ್ರೂಪಿನಲ್ಲೂ ಇರುತ್ತಾರೆ, ಅಲ್ವಾ.

ಮೊದಲ ಭಾಗವನ್ನು ಎರಡು ದಿನದಲ್ಲಿ ಓದಿ, ಅವಸರ ಬೇಡ. ವಾಕ್ಯಗಳು ಚಿಕ್ಕವು, ಆದ್ದರಿಂದಲೇ ಕಣ್ಣು ಜಾರಿಹೋಗುತ್ತದೆ. ಫ್ರೆಂಚಿನಲ್ಲಿ ಆ ಕಾಲಕ್ಕೆ ಕಾದಂಬರಿ ಬರೆಯಲು ಒಂದು ಭೂತಕಾಲ ಇತ್ತು, ಬಾಯಲ್ಲಿ ಆಡಲು ಇನ್ನೊಂದು. ಕಮೂ ಈ ಆಡುವ ಭೂತಕಾಲದಲ್ಲೇ ಕಥೆ ಹೇಳಿಸಿದ. ಒಂದೊಂದು ವಾಕ್ಯವೂ ಒಂದು ದ್ವೀಪ ಅಂತ ಫ್ರೆಂಚ್ ಲೇಖಕ ಸಾರ್ತ್ರ್ 1943ರಲ್ಲೇ ಬರೆದ. ಇದು ಆಯಿತು, ಅದು ಆಯಿತು. ‘ಆದ್ದರಿಂದ’ ಇಲ್ಲ. ಆ ‘ಆದ್ದರಿಂದ’ವನ್ನು ನಾವು ಓದುತ್ತ ಓದುತ್ತ ನಮಗೆ ಗೊತ್ತಿಲ್ಲದೆ ಸೇರಿಸುತ್ತೇವೆ. ಪೆನ್ಸಿಲ್ ಬೇಕಾಗುವುದು ಇದಕ್ಕೆ. ಅವನಿಗೆ ಏನು ಅನಿಸಿರಬಹುದು ಅಂತ ಬರೆಯಬೇಡಿ. ಏನು ಮಾಡಿದ, ಯಾರು ಇದ್ದರು, ಯಾರು ಯಾರಿಗೆ ಏನು ಕೊಟ್ಟರು, ಇಷ್ಟನ್ನೇ ಗುರುತು ಮಾಡಿ.

ಉದಾಹರಣೆಗೆ ಶವದ ಪಕ್ಕದ ರಾತ್ರಿ. ಪೆಟ್ಟಿಗೆಯ ಮುಚ್ಚಳ ಮುಚ್ಚಿದೆ. ಬಾಗಿಲು ಕಾಯುವ ಮುದುಕ, ತೆಗೆಯಲಾ, ಮುಖ ನೋಡುತ್ತೀರಾ ಅನ್ನುತ್ತಾನೆ. ಮೆರ್ಸೋ ಬೇಡ ಅನ್ನುತ್ತಾನೆ. ಆಮೇಲೆ ಅದೇ ಮುದುಕ ಹಾಲು ಹಾಕಿದ ಕಾಫಿ ತಂದುಕೊಡುತ್ತಾನೆ, ಮೆರ್ಸೋಗೆ ಅದು ಇಷ್ಟ, ಕುಡಿಯುತ್ತಾನೆ. ಸಿಗರೇಟು ಸೇದಬೇಕು ಅನಿಸುತ್ತದೆ. ಅಮ್ಮನ ಮುಂದೆ ಸರಿಯೋ ಇಲ್ಲವೋ ಅಂತ ಯೋಚಿಸುತ್ತಾನೆ. ಪರವಾಗಿಲ್ಲ ಅನಿಸುತ್ತದೆ. ಮುದುಕನಿಗೂ ಒಂದು ಕೊಡುತ್ತಾನೆ, ಇಬ್ಬರೂ ಸೇದುತ್ತಾರೆ.

ಈ ಪುಟ ಓದುವಾಗಲೆಲ್ಲ ನನಗೆ ನಮ್ಮಜ್ಜಿ ಹೋದ ದಿನ ನೆನಪಾಗುತ್ತದೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಪಕ್ಕದ ಮನೆಯವರು ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ ಕಳಿಸಿದ್ದರು. ಶಾಮಿಯಾನದವನಿಗೆ ಅಡ್ವಾನ್ಸು, ಕುರ್ಚಿ ಎಷ್ಟು, ಹೂವಿನ ಹಾರ ಬಂತಾ, ಎಲ್ಲ ನನ್ನ ತಲೆಯ ಮೇಲಿತ್ತು. ರಾತ್ರಿಯಿಂದ ನಿದ್ದೆ ಇಲ್ಲ. ನಿಂತುಕೊಂಡೇ ಎರಡು ಲೋಟ ಕುಡಿದೆ. ಒಂದು ವರ್ಷ ಬಿಟ್ಟು ಯಾರದೋ ಮದುವೆ ಊಟದ ಪಂಕ್ತಿಯಲ್ಲಿ ತಿರುಗಿ ಬಂತು ನೋಡಿ ಆ ಮಾತು: ‘ಅಜ್ಜಿ ಅಲ್ಲಿ ಮಲಗಿದ್ದರೆ ಇವನು ಎರಡು ಲೋಟ ಕಾಫಿ ಕುಡಿದ, ಕಣ್ಣಲ್ಲಿ ಒಂದು ಹನಿ ಇಲ್ಲ.’ ಎರಡೂ ನಿಜ. ಎರಡು ಲೋಟ ಕುಡಿದದ್ದೂ ನಿಜ, ಅತ್ತಿಲ್ಲದ್ದೂ ನಿಜ. ಆ ಎರಡು ನಿಜಗಳನ್ನು ಜೋಡಿಸಿ ಹೇಳಿದಾಗ ನಾನು ಬೇರೆ ಯಾರೋ ಆಗಿಬಿಟ್ಟಿದ್ದೆ.

ಆರನೇ ಅಧ್ಯಾಯ ಮುಗಿದ ಮೇಲೆ ಪುಸ್ತಕ ಮುಚ್ಚಿ. ಒಂದು ದಿನ ಬಿಡಿ. ಕೋರ್ಟಿಗೂ ತಾರೀಖು ಬೀಳುತ್ತದೆ, ಅದಕ್ಕೂ ಮುಂಚೆ ಹನ್ನೊಂದು ತಿಂಗಳು ತನಿಖೆ ನಡೆಯುತ್ತದೆ, ನಿಮ್ಮದು ಒಂದೇ ದಿನ.

ಎರಡನೇ ಭಾಗ ತೆಗೆದಾಗ ನೀವು ಜ್ಯೂರಿ ಸದಸ್ಯರು. ಮೊದಲ ಭಾಗದ ಗುರುತುಗಳು ಪಕ್ಕದಲ್ಲಿರಲಿ. ಈಗ ಒಬ್ಬೊಬ್ಬರೇ ಬಂದು ಅದೇ ಸಂಗತಿಗಳನ್ನು ಹೇಳುತ್ತಾರೆ. ಯಾರೂ ಸುಳ್ಳು ಹೇಳುವುದಿಲ್ಲ, ಅದೇ ಮಜಾ, ಅದೇ ಭಯ. ಬಾಗಿಲು ಕಾಯುವ ಮುದುಕ ಬರುತ್ತಾನೆ: ಹೌದು, ಕಾಫಿ ಕುಡಿದ, ಸಿಗರೇಟು ಸೇದಿದ. ಸಿಗರೇಟು ನಾನೂ ಸೇದಿದೆ ಅಂತಲೂ ಪಾಪ ಒಪ್ಪಿಕೊಳ್ಳುತ್ತಾನೆ, ಕಾಫಿ ಕೊಟ್ಟವನು ನಾನೇ ಅನ್ನುತ್ತಾನೆ. ಪ್ರಾಸಿಕ್ಯೂಟರ್ ಅದನ್ನೂ ಬಿಡುವುದಿಲ್ಲ. ಹೊರಗಿನವನು ಕಾಫಿ ಕೊಡಬಹುದು, ಹೆತ್ತವಳ ಶವದ ಮುಂದೆ ಮಗನಾದವನು ಬೇಡ ಅನ್ನಬೇಕಿತ್ತು ಅನ್ನುತ್ತಾನೆ. ವೃದ್ಧಾಶ್ರಮದಲ್ಲಿ ತಾಯಿಯ ಗೆಳೆಯನಾಗಿದ್ದ ಮುದುಕ ಪೆರೆಜ್ ಬರುತ್ತಾನೆ. ಮೆರ್ಸೋ ಅತ್ತದ್ದನ್ನು ನೋಡಿದಿರಾ? ಇಲ್ಲ. ಅಳದೇ ಇದ್ದದ್ದನ್ನು ನೋಡಿದಿರಾ, ಅಂತ ಡಿಫೆನ್ಸ್ ಲಾಯರು. ಅದೂ ಇಲ್ಲ. ಕೋರ್ಟು ನಗುತ್ತದೆ.

ಕೊನೆಗೆ ಲಾಯರಿಗೇ ತಡೆಯಲಾಗದೆ, ಇವನ ಮೇಲಿರುವ ಆರೋಪ ತಾಯಿಯನ್ನು ಹೂತದ್ದೋ, ಮನುಷ್ಯನನ್ನು ಕೊಂದದ್ದೋ ಅಂತ ಕೂಗುತ್ತಾನೆ. ಇಲ್ಲಿ ಸ್ವಲ್ಪ ನಿಲ್ಲಿ. ಇದೇ ಕೆಲಸ ಈಗ ದಿನಾ ನಡೆಯುತ್ತದೆ, ಕೋರ್ಟೇ ಬೇಕಿಲ್ಲ. ಮಗುವನ್ನು ಕಳೆದುಕೊಂಡ ತಾಯಿ ಟಿವಿ ಮೈಕಿನ ಮುಂದೆ ನೆಟ್ಟಗೆ ಮಾತಾಡಿದರೆ, ಗಂಡ ಸತ್ತ ತಿಂಗಳಿಗೆ ಹೆಂಗಸು ಬಣ್ಣದ ಸೀರೆ ಉಟ್ಟು ಫೋಟೊ ಹಾಕಿದರೆ, ಕೆಳಗಿನ ಕಾಮೆಂಟುಗಳನ್ನು ಓದಿ ನೋಡಿ. ಎಲ್ಲರೂ ಪ್ರಾಸಿಕ್ಯೂಟರುಗಳೇ. ಮೆರ್ಸೋ ಹಾಲು ಕಾಫಿ ಕುಡಿದ ಕಾಲದಲ್ಲಿ ಎಲ್ಲರ ಕೈಯಲ್ಲೂ ಕ್ಯಾಮೆರಾ ಇರಲಿಲ್ಲ, ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಕರೆಸಬೇಕಿತ್ತು, ಅಷ್ಟೇ ವ್ಯತ್ಯಾಸ.

ಈಗ ನಿಮ್ಮ ಗುರುತುಗಳಿಗೆ ವಾಪಸ್ಸು ಹೋಗಿ, ಕೋರ್ಟಿಗೆ ಬರದೇ ಉಳಿದದ್ದು ಏನು ಅಂತ ಹುಡುಕಿ. ನನ್ನ ಪ್ರಕಾರ ಇಡೀ ಓದಿನಲ್ಲಿ ಮುಖ್ಯವಾದ ಕೆಲಸ ಇದೇ. ಎರಡು ಜಾಗ ಹೇಳುತ್ತೇನೆ. ಒಂದು, ಭಾನುವಾರ. ತಾಯಿ ಹೋದ ಮೇಲೆ ಮನೆ ದೊಡ್ಡದಾಯಿತು ಅಂತ ಮೆರ್ಸೋ ಊಟದ ಮೇಜನ್ನು ತನ್ನ ಮಲಗುವ ಕೋಣೆಗೆ ಎಳೆದುಕೊಂಡಿರುತ್ತಾನೆ. ಅವಳು ವೃದ್ಧಾಶ್ರಮಕ್ಕೆ ಹೋದಂದಿನಿಂದ ಒಂದೇ ಕೋಣೆಯಲ್ಲಿ ಬದುಕು. ಸುಮ್ನೆ ಒಂದು ವಾಕ್ಯದಲ್ಲಿ ಹೋಗಿಬಿಡುತ್ತದೆ.

ಇನ್ನೊಂದು, ನಾಲ್ಕನೇ ಅಧ್ಯಾಯದ ಕೊನೆ. ಅದೇ ಮಹಡಿಯ ಮುದುಕ ಸಾಲಮಾನೋ, ಕಜ್ಜಿ ಹಿಡಿದ ಮುದಿ ನಾಯಿಯನ್ನು ಎಂಟು ವರ್ಷದಿಂದ ಬೈದು, ಹೊಡೆದು, ಎಳೆದಾಡಿಕೊಂಡು ತಿರುಗುವವನು. ನಾಯಿ ತಪ್ಪಿಸಿಕೊಳ್ಳುತ್ತದೆ. ರಾತ್ರಿ ಗೋಡೆಯ ಆಚೆಯಿಂದ ಏನೋ ಸಣ್ಣ ಸದ್ದು. ಮುದುಕ ಅಳುತ್ತಿದ್ದಾನೆ ಅಂತ ಮೆರ್ಸೋಗೆ ಗೊತ್ತಾಗುತ್ತದೆ. ಆಗ, ಯಾಕೋ ಗೊತ್ತಿಲ್ಲ, ಅವನಿಗೆ ಅಮ್ಮ ನೆನಪಾಗುತ್ತಾಳೆ. ಬೆಳಿಗ್ಗೆ ಬೇಗ ಏಳಬೇಕು. ಹಸಿವಿಲ್ಲ. ಊಟ ಮಾಡದೆ ಮಲಗುತ್ತಾನೆ.

ಅಷ್ಟೇ. ಊಟ ಬಿಟ್ಟ ಒಂದು ರಾತ್ರಿ. ಇದಕ್ಕೆ ಸಾಕ್ಷಿ ಇಲ್ಲ, ಕೋರ್ಟಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಕೇಳಿದರೂ ಅವನು ಹೇಳುತ್ತಿರಲಿಲ್ಲ. ಗೊತ್ತಿರುವುದು ನಮಗೆ ಮಾತ್ರ, ಅದೂ ಕಣ್ಣು ಜಾರದೆ ಓದಿದ್ದರೆ. ಮೊದಲೆರಡು ಸಲ ನಾನೂ ದಾಟಿಕೊಂಡು ಹೋಗಿದ್ದೆ.

ಇಷ್ಟು ಹೇಳಿದ ಮೇಲೆ ಉಲ್ಟಾ ಹೊಡೆಯುತ್ತೇನೆ. ಅವನನ್ನು ಹೀರೋ ಮಾಡಬೇಡಿ. ಸುಳ್ಳು ಹೇಳಲು ಒಪ್ಪದ್ದಕ್ಕೇ ಅವನಿಗೆ ಶಿಕ್ಷೆ ಆಯಿತು ಅನ್ನುವ ಮಾತು ಬಹಳ ಚಾಲ್ತಿಯಲ್ಲಿದೆ. ಅದಕ್ಕೆ ಮೂಲ ಕಮೂನೇ, ಅಮೆರಿಕದ ಆವೃತ್ತಿಗೆ 1955ರಲ್ಲಿ ಬರೆದ ಮುನ್ನುಡಿಯಲ್ಲಿ ಹೆಚ್ಚೂ ಕಡಿಮೆ ಹಾಗೇ ಹೇಳುತ್ತಾನೆ. ಲೇಖಕನೇ ಹೇಳಿದರೂ ನಾನು ಪೂರ್ತಿ ಒಪ್ಪುವುದಿಲ್ಲ. ಮೂರನೇ ಅಧ್ಯಾಯ ನೋಡಿ. ನೆರೆಯವನಾದ ರೇಮೋನ್, ತಾನು ಇಟ್ಟುಕೊಂಡ ಹೆಂಗಸನ್ನು ಕರೆಸಿ ಅವಮಾನ ಮಾಡಬೇಕು, ಅದಕ್ಕೊಂದು ಕಾಗದ ಬರೆದುಕೊಡು ಅನ್ನುತ್ತಾನೆ. ಮೆರ್ಸೋ ಬರೆದುಕೊಡುತ್ತಾನೆ. ರೇಮೋನ್‌ನನ್ನು ಖುಷಿಪಡಿಸದೇ ಇರಲು ಕಾರಣ ಏನೂ ಕಾಣಲಿಲ್ಲ, ಅದಕ್ಕೆ. ಅವಳು ಬರುತ್ತಾಳೆ, ಹೊಡೆತ ತಿನ್ನುತ್ತಾಳೆ, ಕಿರುಚು ಕೇಳಿ ಮಹಡಿಯವರೆಲ್ಲ ಸೇರುತ್ತಾರೆ. ಮರೀ ಪೊಲೀಸರನ್ನು ಕರಿ ಅಂದರೆ, ನನಗೆ ಪೊಲೀಸರು ಇಷ್ಟ ಇಲ್ಲ ಅನ್ನುತ್ತಾನೆ. ಆಮೇಲೆ ಠಾಣೆಗೆ ಹೋಗಿ ರೇಮೋನ್ ಪರ ಸಾಕ್ಷಿ ಹೇಳುತ್ತಾನೆ. ಇದು ಯಾವ ಸೀಮೆ ಪ್ರಾಮಾಣಿಕತೆ? ತನ್ನ ಬಗ್ಗೆ ಮಾತ್ರ ಸುಳ್ಳು ಹೇಳದವನು ಅನ್ನೋಣ, ಬೇಕಾದರೆ.

ಆ ಹೆಂಗಸಿಗೆ ಹೆಸರಿಲ್ಲ. ಸತ್ತವನಿಗೂ ಹೆಸರಿಲ್ಲ, ‘ಅರಬ’ ಅಷ್ಟೇ. ಹೋಟೆಲಿನ ಸೆಲೆಸ್ತ್‌ಗೆ ಹೆಸರಿದೆ, ಟೈ ಸಾಲ ಕೊಟ್ಟ ಗೆಳೆಯನಿಗೆ ಹೆಸರಿದೆ. ಒಂದು ಚೀಟಿಯಲ್ಲಿ ಹೆಸರಿರುವವರನ್ನು ಈ ಕಡೆ, ಇಲ್ಲದವರನ್ನು ಆ ಕಡೆ ಬರೆಯಿರಿ. ಎಲ್ಲ ವಿಮರ್ಶೆ ಓದುವುದಕ್ಕಿಂತ ಈ ಚೀಟಿ ಜಾಸ್ತಿ ಹೇಳುತ್ತದೆ. ಕೋರ್ಟಿನಲ್ಲಿ ಸತ್ತವನ ಕಡೆಯಿಂದ ಒಬ್ಬ ಸಾಕ್ಷಿಯೂ ಬರುವುದಿಲ್ಲ. ತಾಯಿಗೆ ಅಳಲಿಲ್ಲ ಅಂತ ಇಷ್ಟೆಲ್ಲ ಗಲಾಟೆ, ಐದು ಗುಂಡು ತಿಂದವನಿಗೆ ಯಾರು ಅತ್ತರು ಅಂತ ಒಬ್ಬರೂ ಕೇಳುವುದಿಲ್ಲ. ನೀವು ಕೇಳಿದ್ದಿರಾ? ನಾನು ಕೇಳಿರಲಿಲ್ಲ, ಅದೇ ಹೇಳಿದೆನಲ್ಲ, ಸಮುದ್ರದ ಫೋಟೊ ಹಾಕುತ್ತಿದ್ದೆ. ಕೇಳಿದವನು ಅಲ್ಜೀರಿಯಾದ ಕಾಮೆಲ್ ದಾವೂದ್. 2013ರಲ್ಲಿ ಬಂದ ಅವನ ಕಾದಂಬರಿಯನ್ನು (ಇಂಗ್ಲಿಷಿನಲ್ಲಿ ‘ದಿ ಮೆರ್ಸೋ ಇನ್ವೆಸ್ಟಿಗೇಶನ್’) ಸತ್ತವನ ತಮ್ಮ ಹೇಳುತ್ತಾನೆ, ಅಣ್ಣನಿಗೆ ಮೂಸಾ ಅಂತ ಹೆಸರು ಕೊಡುತ್ತಾನೆ. ಅದರ ಮೊದಲ ಸಾಲಿನಲ್ಲಿ ಅಮ್ಮ ಇನ್ನೂ ಬದುಕಿದ್ದಾಳೆ. ಕಮೂ ಮುಗಿದ ಒಂದು ವಾರದೊಳಗೆ ಅದನ್ನು ಓದಿ, ತಡ ಮಾಡಿದರೆ ಮೂಲದ ಸಾಲುಗಳು ಮರೆತುಹೋಗುತ್ತವೆ.

ಇತಿಹಾಸ ಎಷ್ಟು ಬೇಕು? ಜಾಸ್ತಿ ಬೇಡ. ಫ್ರಾನ್ಸ್ 1830ರಲ್ಲಿ ಅಲ್ಜೀರಿಯಾಕ್ಕೆ ಕಾಲಿಟ್ಟಿತು, 1962ರಲ್ಲಿ ಬಿಟ್ಟಿತು. ಕಮೂ 1913ರಲ್ಲಿ ಅಲ್ಲೇ ಹುಟ್ಟಿದ, ಬಡವರ ಮನೆ. ಅಪ್ಪ ಮೊದಲ ಮಹಾಯುದ್ಧದಲ್ಲಿ ಸತ್ತ, ಅಮ್ಮನಿಗೆ ಕಿವಿ ಸರಿ ಕೇಳುತ್ತಿರಲಿಲ್ಲ, ಓದು ಬರಹ ಇಲ್ಲ, ಮನೆಕೆಲಸ ಮಾಡಿ ಸಾಕಿದಳು. ಪತ್ರಕರ್ತನಾಗಿದ್ದಾಗ ಅಲ್ಜಿಯರ್ಸಿನ ಕೋರ್ಟುಗಳಲ್ಲಿ ಕೂತು ವರದಿ ಬರೆದವನು, ಆದ್ದರಿಂದ ಕೋರ್ಟಿನ ಸೆಖೆ, ಬೀಸಣಿಗೆ, ವರದಿಗಾರರ ಮುಖ ಎಲ್ಲ ಕಣ್ಣಾರೆ ಕಂಡದ್ದು. ಇಷ್ಟು ಸಾಕು. ಸಿನಿಮಾ ಆಮೇಲೆ ನೋಡಿ. ವಿಸ್ಕೊಂತಿ 1967ರಲ್ಲಿ ಮಾಡಿದ್ದು ಒಂದು, ಫ್ರಾಂಸ್ವಾ ಓಝೋನ್ 2025ರಲ್ಲಿ ಕಪ್ಪುಬಿಳುಪಿನಲ್ಲಿ ಮಾಡಿದ್ದು ಇನ್ನೊಂದು. ಮೊದಲೇ ನೋಡಿದರೆ ಮೆರ್ಸೋಗೆ ಒಂದು ಮುಖ ಅಂಟಿಕೊಂಡುಬಿಡುತ್ತದೆ, ಅವನು ಮುಖ ಇಲ್ಲದೆ ಇರುವುದೇ ಒಳ್ಳೆಯದು.

ಬಿಸಿಲಿನ ಬಗ್ಗೆ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಬಿಸಿಲು ಬಂದಲ್ಲೆಲ್ಲ ಅಂಚಿನಲ್ಲಿ ಒಂದು ಸೊನ್ನೆ ಹಾಕಿ. ಶವದ ಹಿಂದೆ ನಡೆಯುವಾಗ ಡಾಂಬರು ಕರಗಿರುತ್ತದೆ. ಬೀಚಿನಲ್ಲಿ, ಇದು ಅಮ್ಮನನ್ನು ಹೂತ ದಿನದ ಅದೇ ಬಿಸಿಲು ಅನ್ನುತ್ತಾನೆ. ಯಾಕೆ ಕೊಂದೆ ಅಂದರೆ ಬಿಸಿಲಿಗೆ ಅನ್ನುತ್ತಾನೆ, ಜನ ನಗುತ್ತಾರೆ. ಸೊನ್ನೆಗಳನ್ನು ಹಿಡಿದು ಹಿಂದಕ್ಕೆ ಹೋದರೆ ಆ ಉತ್ತರ ತಮಾಷೆಯಾಗಿ ಕಾಣುವುದಿಲ್ಲ, ಹಾಗಂತ ಕ್ಷಮೆಯೂ ಆಗುವುದಿಲ್ಲ.

ಕೊನೆಯ ಅಧ್ಯಾಯವನ್ನು ಜೋರಾಗಿ ಓದಿ, ಒಬ್ಬರೇ ಇದ್ದಾಗ. ಅಲ್ಲಿಯವರೆಗೆ ತಣ್ಣಗಿದ್ದ ಮನುಷ್ಯ ಪಾದ್ರಿಯ ಕುತ್ತಿಗೆಪಟ್ಟಿ ಹಿಡಿದು ಕೂಗಾಡುತ್ತಾನೆ, ವಾಕ್ಯಗಳು ಇದ್ದಕ್ಕಿದ್ದ ಹಾಗೆ ಉದ್ದವಾಗುತ್ತವೆ, ನಿಮ್ಮ ಉಸಿರೇ ಅದನ್ನು ಹೇಳುತ್ತದೆ. ಅರ್ಥ ಮಾಡಿಕೊಳ್ಳಲು ಹೋಗಬೇಡಿ, ಮೊದಲ ಸಲ ಬೇಡ.

ಎರಡನೇ ಓದಿಗೆ ಒಂದು ವರ್ಷ ಬಿಟ್ಟರೂ ನಡೆಯುತ್ತದೆ. ಆಗ ಎರಡನೇ ಭಾಗದ ಎರಡನೇ ಅಧ್ಯಾಯದಲ್ಲಿ ನಿಧಾನ ಮಾಡಿ. ಜೈಲಿಗೆ ಹೋದ ಮೊದಲ ದಿನ. ಒಂದು ಕೋಣೆ, ಒಳಗಿರುವ ಕೈದಿಗಳಲ್ಲಿ ಹೆಚ್ಚಿನವರು ಅರಬರು. ಇವನನ್ನು ನೋಡಿ ನಗುತ್ತಾರೆ, ಏನು ಮಾಡಿ ಬಂದೆ ಅಂತ ಕೇಳುತ್ತಾರೆ. ಒಬ್ಬ ಅರಬನನ್ನು ಕೊಂದೆ ಅನ್ನುತ್ತಾನೆ. ಎಲ್ಲರೂ ಸುಮ್ಮನಾಗುತ್ತಾರೆ. ಸ್ವಲ್ಪ ಹೊತ್ತಿಗೆ ಕತ್ತಲಾಗುತ್ತದೆ. ಆಮೇಲೆ ಅವರೇ ಅವನಿಗೆ ಚಾಪೆ ಹಾಸುವುದು ಹೇಗೆ ಅಂತ ತೋರಿಸಿಕೊಡುತ್ತಾರೆ. ಒಂದು ತುದಿಯನ್ನು ಸುರುಳಿ ಸುತ್ತಿದರೆ ತಲೆಗೆ ದಿಂಬಾಗುತ್ತದೆ.